‘ಚಿಯರ್’: ಒಂದು ಶಬ್ದದ ಚರಿತ್ರೆ

ಇಂಗ್ಲಿಷಿನಲ್ಲಿ ‘ಚಿಯರ್’ ಎಂಬುದೊಂದು ಚಿಕ್ಕ ಶಬ್ದವುಂಟು. ನಿಘಂಟನ್ನು ತೆರೆದು ನೋಡಿದರೆ ಉಲ್ಲಾಸ, ಧೈರ್ಯ, ಆತಿಥ್ಯ, ಮೃಷ್ಟಾನ್ನ, ಜಯಘೋಷ ಎಂದು ಅದಕ್ಕೆ ಅರ್ಥಗಳು ಸಾಲುಗಟ್ಟಿ ನಿಲ್ಲುತ್ತವೆ. ಮೇಲುನೋಟಕ್ಕೆ ಇವುಗಳೊಳಗೆ ಯಾವ ನಂಟೂ ತೋರದು. ಊಟಕ್ಕೂ ಕೂಗಿಗೂ ಏನು ಸಂಬಂಧ? ಸಂತೋಷವೂ ಧೈರ್ಯವೂ ಒಂದೇ ಶಬ್ದದಲ್ಲಿ ಅಡಗುವುದೆಂತು? ನಮ್ಮ ಪೂರ್ವಿಕರು ಇವೆರಡನ್ನೂ ಬೇರೆಬೇರೆಯಾಗಿಯೇ ಎಣಿಸಿದರು. ಭರತನ ನಾಟ್ಯಶಾಸ್ತ್ರದಲ್ಲಿ ಉತ್ಸಾಹವು ವೀರರಸಕ್ಕೆ ಸ್ಥಾಯಿಭಾವ. ಹರ್ಷವಾದರೋ ಬಂದುಹೋಗುವ ವ್ಯಭಿಚಾರಿಭಾವಗಳಲ್ಲೊಂದು. ಇಂಗ್ಲಿಷಿನವರು ಇವುಗಳನ್ನು ಒಂದುಗೂಡಿಸಿದ್ದು ಆಲೋಚಿಸಿ ಮಾಡಿದ ಕೆಲಸವಲ್ಲ; ಶಬ್ದವು ತಾನಾಗಿ ನಡೆದುಬಂದ ದಾರಿಯೇ ಅವುಗಳನ್ನು ಕೂಡಿಸಿತು. ಆ ದಾರಿಯನ್ನು ತುಸು ಹಿಂಬಾಲಿಸಿ ನೋಡೋಣ.

ಈ ಶಬ್ದದ ಮೊದಲನೆಯ ಅರ್ಥ ಸಂತೋಷವೂ ಅಲ್ಲ, ಘೋಷವೂ ಅಲ್ಲ. ‘ಮುಖ’ ಎಂಬುದೇ ಅದರ ಮೂಲಾರ್ಥ. ಉತ್ತರಕಾಲದ ಲ್ಯಾಟಿನಿನಲ್ಲಿ ಮುಖಕ್ಕೆ ‘ಕಾರಾ’ ಎಂಬ ಹೆಸರಿತ್ತು. ಅದು ಗ್ರೀಕಿನಲ್ಲಿ ತಲೆಯೆಂಬ ಅರ್ಥದ ‘ಕಾರಾ’ ಶಬ್ದದಿಂದ ಬಂದಿರಬೇಕೆಂದು ವಿದ್ವಾಂಸರು ಎಣಿಸುತ್ತಾರೆ. ಆ ಗ್ರೀಕ್ ಶಬ್ದಕ್ಕೂ ಸಂಸ್ಕೃತದ ‘ಶಿರಸ್’ ಶಬ್ದಕ್ಕೂ ಬೇರು ಒಂದೇ ಆದುದರಿಂದ, ಈ ಊಹೆ ನಿಜವಾದಲ್ಲಿ, ನಮ್ಮ ‘ಶಿರ’ವು ಇಂಗ್ಲಿಷಿನ ‘ಚಿಯರ್’ಗೆ ದೂರದ ದಾಯಾದಿಯೆನಿಸುತ್ತದೆ. ಸ್ಪೇನಿನವರು ಇಂದಿಗೂ ಮುಖವನ್ನು ‘ಕಾರಾ’ ಎಂದೇ ಕರೆಯುತ್ತಾರೆ. ಹಳೆಯ ಫ್ರೆಂಚಿನಲ್ಲಿ ಅದು ಮೃದುವಾಗಿ ‘ಶಿಯೆರ್’ ಎಂಬಂತೆ ಆಯಿತು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಭಾಷೆಯ ಅಸಂಖ್ಯ ಶಬ್ದಗಳು ಅಲ್ಲಿ ನೆಲೆಯೂರಿದುವು. ಇದೂ 1200ರ ಸುಮಾರಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿತು.

ಮುಖವು ಮನಸ್ಸಿನ ಕನ್ನಡಿಯಷ್ಟೆ. ಆದುದರಿಂದ ಮುಖವನ್ನು ಹೇಳುವ ಶಬ್ದವು ಮುಖಭಾವವನ್ನೂ, ನಡವಳಿಕೆಯನ್ನೂ, ಕಡೆಗೆ ಮನಸ್ಸಿನ ಸ್ಥಿತಿಯನ್ನೂ ಹೇಳತೊಡಗಿತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿಯು ತನ್ನ ಕ್ಯಾಂಟರ್ಬರಿ ಕಥೆಗಳ ಪೀಠಿಕೆಯಲ್ಲಿ ಮಠದ ಹಿರಿಯಳೊಬ್ಬಳನ್ನು ವರ್ಣಿಸುತ್ತ, ಅರಮನೆಯವರ ಠೀವಿಯನ್ನು ಅನುಕರಿಸಲು ಆಕೆ ಪಡುತ್ತಿದ್ದ ಪ್ರಯಾಸವನ್ನು ಈ ಶಬ್ದದಿಂದಲೇ ಸೂಚಿಸಿದ್ದಾನೆ. ಎರಡು ಶತಮಾನಗಳ ತರುವಾಯ, 1600ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ವಿರಹದಿಂದ ಬಿಳುಪೇರಿದ ಹುಡುಗಿಯ ಮುಖಕ್ಕೆ ಇದೇ ಶಬ್ದ ಬಂದಿದೆ. ಇಂದಿನ ಅರ್ಥವನ್ನೇ ಹಿಡಿದು ಆ ಸಾಲನ್ನು ಓದುವ ವಿದ್ಯಾರ್ಥಿಯು ‘ಬಿಳುಪಾದ ಸಂತೋಷ’ವೆಂದರೇನೆಂದು ತಬ್ಬಿಬ್ಬಾಗುವುದು ಸಹಜ.

ಆ ಕಾಲದಲ್ಲಿ ಶಬ್ದವು ಯಾವ ಪಕ್ಷವನ್ನೂ ಹಿಡಿದಿರಲಿಲ್ಲ. ಒಳ್ಳೆಯ ‘ಚಿಯರ್’ ಇದ್ದಂತೆ ದುಃಖದ ‘ಚಿಯರ್’ ಕೂಡ ಇತ್ತು. ಬರಬರುತ್ತ ‘ಒಳ್ಳೆಯ’ ಎಂಬ ವಿಶೇಷಣದೊಡನೆಯೇ ಅದರ ಬಳಕೆ ಹೆಚ್ಚಿ, ಆ ಒಳ್ಳೆಯತನವೆಲ್ಲ ಶಬ್ದದೊಳಕ್ಕೇ ಇಳಿಯಿತು; ವಿಶೇಷಣವು ಅನಾವಶ್ಯಕವಾಯಿತು. ಕನ್ನಡದಲ್ಲಿ ಇದಕ್ಕೆ ವಿರುದ್ಧವಾದ ಗತಿಯೊಂದನ್ನು ಕಾಣಬಹುದು. ‘ನಾರು’ ಎಂಬ ಧಾತುವಿಗೆ ಹಿಂದೆ ಒಳ್ಳೆಯ ಕಂಪನ್ನು ಬೀರುವುದೆಂಬ ಅರ್ಥವೂ ಇತ್ತು. ಈಗ ‘ನಾತ’ವೆಂದರೆ ಮೂಗು ಮುಚ್ಚಿಕೊಳ್ಳುತ್ತೇವೆ. ಒಂದು ಶಬ್ದ ಏರಿತು, ಇನ್ನೊಂದು ಇಳಿಯಿತು. ಮುಖದ ವಿಷಯದಲ್ಲಿಯಾದರೋ ನಾವು ಎರಡು ಪಕ್ಷಗಳನ್ನೂ ಉಳಿಸಿಕೊಂಡಿದ್ದೇವೆ. ಸುಮುಖನೆಂದು ಗಣಪತಿಯನ್ನು ಸ್ತುತಿಸುತ್ತೇವೆ. ಅರುವತ್ತು ಸಂವತ್ಸರಗಳಲ್ಲಿ ಒಂದಕ್ಕೆ ದುರ್ಮುಖಿಯೆಂದು ಹೆಸರಿಟ್ಟಿದ್ದೇವೆ.

ಇನ್ನು ಊಟದ ಅರ್ಥ. ಮನೆಗೆ ಬಂದವರಿಗೆ ಆತಿಥೇಯನು ಮೊದಲು ಕೊಡುವುದು ತನ್ನ ಮುಖವನ್ನು. ಅದು ಅರಳಿದ್ದರೆ ಅತಿಥಿಗೆ ಅರ್ಧ ಹೊಟ್ಟೆ ತುಂಬಿದಂತೆಯೇ. ಫ್ರೆಂಚಿನಲ್ಲಿ ‘ಒಳ್ಳೆಯ ಮುಖ ಮಾಡುವುದು’ ಎಂದರೆ ಆದರದಿಂದ ಬರಮಾಡಿಕೊಳ್ಳುವುದು ಎಂದಾಗಿತ್ತು. ಆದರದ ಹಿಂದೆಯೇ ಎಲೆ ಬೀಳುವುದಾದುದರಿಂದ ಅರ್ಥವು ಮುಖದಿಂದ ಎಲೆಗೆ ಜಾರಿತು. ಮಾಂಸವೆಂಬರ್ಥದ ಬೇರೊಂದು ಫ್ರೆಂಚ್ ಶಬ್ದದ ಉಚ್ಚಾರವೂ ಇದನ್ನು ಹೋಲುತ್ತಿದ್ದುದು ಈ ಜಾರಿಕೆಗೆ ನೆರವಾಯಿತು. ಈಗ ಫ್ರೆಂಚರಲ್ಲಿ ಆ ಮಾತಿಗೆ ಸೊಗಸಾದ ಭೋಜನವೆಂದೇ ಅರ್ಥ; ಮುಖವು ಮರೆತೇಹೋಯಿತು. ನಮ್ಮಲ್ಲಿ ‘ಮುಖ ನೋಡಿ ಮಣೆ ಹಾಕು’ ಎಂಬ ಗಾದೆಯುಂಟು. ಅಲ್ಲಿಯ ಮುಖ ಬಂದವನದು; ಅವನ ಅಂತಸ್ತನ್ನು ಅಳೆಯುವ ಕಣ್ಣು ಮಣೆ ಹಾಕುವವನದು. ಈ ಶಬ್ದದಲ್ಲಿರುವುದು ಮಣೆ ಹಾಕುವವನ ಮುಖ. ಅಳೆಯದೆ ಅರಳುವ ಆ ಮುಖವೇ ಆತಿಥ್ಯದ ತಿರುಳು.

ಧೈರ್ಯದ ಅರ್ಥವನ್ನು ಅರಿಯಬೇಕಾದರೆ 1611ರ ಇಂಗ್ಲಿಷ್ ಬೈಬಲನ್ನು ನೋಡಬೇಕು. ಮತ್ತಾಯನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವನೊಬ್ಬನನ್ನು ಯೇಸುವಿನ ಬಳಿಗೆ ಹೊತ್ತು ತರುತ್ತಾರೆ. ಯೇಸುವು ಅವನಿಗೆ ಮೊದಲು ಹೇಳುವ ಮಾತಿನಲ್ಲಿ ಈ ಶಬ್ದವಿದೆ. ಗ್ರೀಕ್ ಮೂಲದ ಕ್ರಿಯಾಪದಕ್ಕೆ ಎದೆಗುಂದಬೇಡ, ಧೈರ್ಯ ತಾಳು ಎಂಬುದೇ ಅರ್ಥ. ಇಲ್ಲಿ ‘ಚಿಯರ್’ ಎಂದರೆ ಸಂತೋಷವೆಂದು ಬಗೆದು ಭಾಷಾಂತರಿಸಿದ್ದರೆ, ಕೈಕಾಲು ಬಿದ್ದುಹೋದವನಿಗೆ ‘ಖುಷಿಯಾಗಿರು’ ಎಂದಂತಾಗಿ ಕರುಣೆಯ ಮಾತು ಕ್ರೂರವಾಗುತ್ತಿತ್ತು. ಕನ್ನಡದ ಭಾಷಾಂತರಕಾರರು ಆ ತಪ್ಪಿಗೆ ಎಡೆಗೊಡದೆ ಧೈರ್ಯವೆಂಬ ಶಬ್ದವನ್ನೇ ಹಿಡಿದಿದ್ದಾರೆ. ಇಂಗ್ಲಿಷಿನವರಿಗೇ ಈ ಅರ್ಥವು ಮಸುಕಾದುದರಿಂದಲೋ ಎಂಬಂತೆ, 1946ರಲ್ಲಿ ಅಮೆರಿಕದಲ್ಲಿ ಹೊರಬಂದ ಪರಿಷ್ಕೃತ ಹೊಸ ಒಡಂಬಡಿಕೆಯು ಆ ಸ್ಥಳದಲ್ಲಿ ಹಳೆಯ ಶಬ್ದವನ್ನು ಬಿಟ್ಟು ಎದೆಗಟ್ಟಿ ಮಾಡಿಕೊಳ್ಳೆಂಬ ಬೇರೆ ಮಾತನ್ನು ಹಾಕಿತು.

ಇಷ್ಟರವರೆಗೂ ಶಬ್ದವು ಮೌನವಾಗಿಯೇ ಇತ್ತು. ಅದಕ್ಕೆ ದನಿಯನ್ನು ಕೊಟ್ಟವರು ನಾವಿಕರು. ರಾಬಿನ್ಸನ್ ಕ್ರೂಸೋವಿನ ಕರ್ತೃವಾದ ಡೀಫೋ 1720ರಲ್ಲಿ ಪ್ರಕಟಿಸಿದ ‘ಕ್ಯಾಪ್ಟನ್ ಸಿಂಗಲ್ಟನ್’ ಎಂಬ ಕಥೆಯಲ್ಲಿ ಕೂಗೆಂಬ ಅರ್ಥದಲ್ಲಿ ಇದನ್ನು ಬಳಸಿ, ಇದು ನಾವಿಕರ ಮಾತೆಂದು ತಿಳಿಸಿದ್ದಾನೆ. ಹಡಗಿನಿಂದ ಹಡಗಿಗೆ ಮುಖ ಕಾಣದಿದ್ದರೂ ದನಿ ಮುಟ್ಟುತ್ತದೆ. ದೂರದವರಿಗೆ ಮುಖದ ಬದಲು ಕೂಗನ್ನು ಕಳುಹಿದರೆಂದು ನಾವು ಭಾವಿಸಿದರೆ ಅರ್ಥದ ಎಳೆ ಕಡಿಯದೆ ಬರುತ್ತದೆ.

ನಮ್ಮಲ್ಲಿಯೂ ಕೂಗುಗಳಿಗೆ ಕೊರತೆಯಿಲ್ಲ. ದೇವರಿಗೆ ‘ಉಘೇ’, ಅರಸರಿಗೆ ‘ಬಹುಪರಾಕ್’, ಗೆದ್ದವರಿಗೆ ಜಯಕಾರ. ಆದರೆ ಇವು ದೊಡ್ಡವರಿಗೆ ಸಲ್ಲಿಸುವ ಘೋಷಗಳು. ಇನ್ನೂ ಗೆಲ್ಲದವನ ಬೆನ್ನು ತಟ್ಟುವಾಗ ನಾವು ಹೇಳುವುದು ‘ಭಲೆ’ ಎಂದು, ಇಲ್ಲವೆ ‘ಶಹಬ್ಬಾಸ್’ ಎಂದು. ಈ ಎರಡನೆಯದು ಪಾರಸಿಯಿಂದ ಬಂದ ಶಬ್ದ. ‘ಶಾದ್ ಬಾಶ್’, ಸಂತೋಷವಾಗಿರು ಎಂಬುದು ಅದರ ಅಕ್ಷರಾರ್ಥ. ಇಂಗ್ಲಿಷಿನಲ್ಲಿ ಕಂಡ ಸೋಜಿಗವೇ ಇಲ್ಲಿಯೂ ಇದೆ: ಹಾರೈಸಿದ್ದು ಸಂತೋಷವನ್ನು, ಮುಟ್ಟಿದ್ದು ಧೈರ್ಯ.

ಕೂಗಿಗೊಬ್ಬ ನಾಯಕನೂ ಹುಟ್ಟಿದನು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡವು 1898ರಲ್ಲಿ ಸೋಲುಗಳಿಂದ ಕಂಗೆಟ್ಟಿದ್ದಾಗ, ನವೆಂಬರ್ ತಿಂಗಳ ಪಂದ್ಯವೊಂದರಲ್ಲಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿಯು ಪ್ರೇಕ್ಷಕರ ಮುಂದೆ ನಿಂತು ಒಕ್ಕೊರಲಿನಿಂದ ಕೂಗಿಸಿದನು. ‘ಚಿಯರ್‌ಲೀಡರ್’ ಎಂಬ ವೃತ್ತಿಗೆ ಇದನ್ನೇ ಆರಂಭವೆಂದು ಹೇಳುವ ವಾಡಿಕೆಯಿದೆ. ಅದೇ ವಿಶ್ವವಿದ್ಯಾನಿಲಯದಲ್ಲಿ 1923ರಿಂದ ಸ್ತ್ರೀಯರೂ ಈ ಕೆಲಸಕ್ಕೆ ಸೇರಿದರು. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಕ್ರಿಕೆಟ್ಟಿನ ಮೊದಲ ಪಂದ್ಯ ನಡೆಯಿತು. ಆ ವರ್ಷ ಬೆಂಗಳೂರಿನ ತಂಡಕ್ಕಾಗಿ ಅಮೆರಿಕದಿಂದ ಇಂತಹ ಮೇಳವೊಂದು ಬಂದಿತ್ತು. ಇಂಗ್ಲಿಷನ್ನರಿಯದ ಕನ್ನಡಿಗರ ಬಾಯಲ್ಲಿಯೂ ಶಬ್ದವು ನೆಲೆಸಿತು. ಸೋಲುತ್ತಿರುವವರಿಗಾಗಿ ಎದೆಯಿಂದೆದ್ದ ಕೂಗು ಹೀಗೆ ಸಂಬಳದ ಕೆಲಸವೂ ಆಯಿತು. ಈ ನಡುವೆ, ಮೊದಲನೆಯ ಮಹಾಯುದ್ಧದ ಕಾಲದಿಂದೀಚೆಗೆ, ಪಾನಪಾತ್ರೆಯನ್ನೆತ್ತುವಾಗ ಹೇಳುವ ಮಾತಾಗಿಯೂ ಇದು ನಿಂತಿತು; 1970ರ ದಶಕದಿಂದ ಇಂಗ್ಲೆಂಡಿನಲ್ಲಿ ಧನ್ಯವಾದಕ್ಕೂ ಸಲ್ಲುತ್ತಿದೆ.

ಹೀಗಿರುವಾಗ ಕನ್ನಡದಲ್ಲಿ ಇದಕ್ಕೆ ಒಂದೇ ಪ್ರತಿಶಬ್ದವನ್ನು ಹುಡುಕುವುದು ವ್ಯರ್ಥ. ಸ್ಥಳವನ್ನರಿತು ಒಮ್ಮೆ ಗೆಲವೆಂದೂ ಒಮ್ಮೆ ಧೈರ್ಯವೆಂದೂ ಒಮ್ಮೆ ಜಯಕಾರವೆಂದೂ ಬರೆಯಬೇಕು. ಆದರೂ ಶಬ್ದದ ಹುಟ್ಟುಗುಣಕ್ಕೆ ಹತ್ತಿರವಾದ ಮಾತೊಂದು ನಮ್ಮ ಮನೆಮನೆಯಲ್ಲಿಯೂ ಉಂಟು. ನೊಂದವರು ಯಾರನ್ನಾದರೂ ಕಾಣಲು ಹೋಗಿ ಬಂದು, ‘ಅವರು ಮುಖ ಕೊಟ್ಟು ಮಾತನಾಡಲಿಲ್ಲ’ ಎನ್ನುತ್ತಾರೆ. ಹಣ ಕೊಡಲಿಲ್ಲ, ಊಟ ಹಾಕಲಿಲ್ಲ ಎಂಬುದಕ್ಕಿಂತ ಹೆಚ್ಚಿನ ನೋವು ಆ ಮಾತಿನಲ್ಲಿದೆ. ಸಾವಿರ ಜನ ಕೂಡಿ ಕೂಗಿದರೂ ಬಾರದ ಧೈರ್ಯ ಒಂದು ಮುಖ ನಮ್ಮ ಕಡೆಗೆ ತಿರುಗಿ ಅರಳಿದರೆ ಬರುತ್ತದೆ. ಎಂಟು ನೂರು ವರ್ಷಗಳ ಹಿಂದೆ ಇಂಗ್ಲಿಷಿಗೆ ಬಂದ ಶಬ್ದವು ತನ್ನ ಮೊದಲನೆಯ ಅರ್ಥದಲ್ಲಿ ಹೇಳುತ್ತಿದ್ದುದು ಆ ಮುಖವನ್ನೇ.