ಲೆಕ್ಕ ಇಡುವ ಒಂಟಿ ಹೆಣ್ಣು: ಹಾಸ್ಯ ಕಾದಂಬರಿಯ ಓದು ಮತ್ತು ಬೆಳಗಾವಿಯ ಗಡಿ ತಾಲೂಕುಗಳು

ಸಾರಾಂಶ

ಒಂಟಿ ಹೆಣ್ಣಿನ ಬದುಕನ್ನು ನಗೆಯ ದಾರಿಯಲ್ಲಿ ಹೇಳುವ ಕಾದಂಬರಿ ಬಂದಾಗ ಓದುಗರ ಅಭಿಪ್ರಾಯ ಯಾಕೆ ಎರಡಾಗುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಹೆಲೆನ್ ಫೀಲ್ಡಿಂಗ್ ಅವರ ‘ಬ್ರಿಜೆಟ್ ಜೋನ್ಸಸ್ ಡೈರಿ’ ಮತ್ತು ಪಿ. ಲಂಕೇಶರ ‘ಮುಸ್ಸಂಜೆಯ ಕಥಾಪ್ರಸಂಗ’ಗಳನ್ನು ಜೊತೆಗಿಟ್ಟು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ರಂಗಪರಂಪರೆ ಮತ್ತು ದುಡಿಮೆಯ ಹಿನ್ನೆಲೆಯಲ್ಲಿ ಇಲ್ಲಿ ಅದನ್ನು ಪರಿಶೀಲಿಸಲಾಗಿದೆ. ನಾಯಕಿ ಯಾವುದರ ಲೆಕ್ಕ ಇಡುತ್ತಾಳೆ, ಆ ಲೆಕ್ಕ ಓದುಗರ ಬದುಕಿನ ಲೆಕ್ಕಕ್ಕೆ ಎಷ್ಟು ಹತ್ತಿರ ಎಂಬುದೇ ಅಭಿಪ್ರಾಯವನ್ನು ರೂಪಿಸುತ್ತದೆ ಎಂಬುದು ಲೇಖನದ ಪ್ರತಿಪಾದನೆ.

1. ಪ್ರಶ್ನೆಯ ಸ್ವರೂಪ

ಗಂಡನಿಲ್ಲದ ಹೆಣ್ಣು ಕನ್ನಡ ಕಾದಂಬರಿಗೆ ಹೊಸಬಳಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಎಳೆಯ ವಿಧವೆಯ ಕತೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಬಾಲವಿಧವೆಯೊಬ್ಬಳ ಮುಪ್ಪಿನ ತಿಳಿವನ್ನು ಮುಂದಿಡುತ್ತದೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ನಿಜವಾಗಿ ಬದುಕಿದ್ದ ಹೆಣ್ಣುಮಗಳೊಬ್ಬಳ ದೀರ್ಘ ಬಾಳನ್ನು ಹೇಳುತ್ತದೆ. ಈ ಕೃತಿಗಳು ಒಂಟಿ ಹೆಣ್ಣಿಗೆ ಕಣ್ಣೀರನ್ನು, ತಾಳ್ಮೆಯನ್ನು, ಜ್ಞಾನವನ್ನು ಕೊಟ್ಟವು. ಮೂಕಜ್ಜಿಯ ಮಾತಿನಲ್ಲಿ ಅಲ್ಲಲ್ಲಿ ಚಾಟಿ ಇದ್ದರೂ ಅವಳನ್ನು ನಾವು ಗೌರವದ ದೂರದಲ್ಲೇ ನಿಲ್ಲಿಸಿ ಓದುತ್ತೇವೆ.

ಇನ್ನೊಂದು ಕಡೆ ಕನ್ನಡದಲ್ಲಿ ಮಹಿಳೆಯರ ಹಾಸ್ಯಕ್ಕೂ ಗಟ್ಟಿಯಾದ ನೆಲೆಯಿದೆ. ರಾಶಿ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಪತ್ರಿಕೆ ಟಿ. ಸುನಂದಮ್ಮನವರಂಥ ಲೇಖಕಿಯನ್ನು ಬೆಳಕಿಗೆ ತಂದಿತು. ಆದರೆ ಅವರ ನಗೆಬರಹದ ಮನೆಯಲ್ಲಿ ಹೆಚ್ಚಾಗಿ ಗಂಡನಿದ್ದಾನೆ. ಸಂಸಾರದ ಸರಸ-ವಿರಸವೇ ಅಲ್ಲಿ ನಗೆಯ ಮೂಲ. ಒಂಟಿತನ ಒಂದು ಕಡೆ, ನಗೆ ಒಂದು ಕಡೆ ಉಳಿದ ಈ ಹಂಚಿಕೆಯನ್ನು ಮುರಿದ ಕೃತಿಗಳು ಕಡಿಮೆ. ಅಂಥ ಕೃತಿ ಬಂದಾಗ ಓದುಗರು ಗಲಿಬಿಲಿಗೊಳ್ಳುವುದು ಈ ಕಾರಣಕ್ಕೇ.

ಓದುಗರ ಅಭಿಪ್ರಾಯವನ್ನು ಸಂಶೋಧನೆಯ ಸಾಮಗ್ರಿಯಾಗಿ ಎತ್ತಿಕೊಳ್ಳುವ ಕ್ರಮಕ್ಕೆ ಜಾನಿಸ್ ರಾಡ್ವೆ ಅವರ ‘ರೀಡಿಂಗ್ ದಿ ರೊಮಾನ್ಸ್’ (1984) ಒಳ್ಳೆಯ ಮಾದರಿ. ಅಮೆರಿಕದ ಒಂದು ಊರಿನ ಪುಸ್ತಕದಂಗಡಿಗೆ ಬರುವ ಹೆಂಗಸರನ್ನು ಅವರು ಮಾತನಾಡಿಸಿದರು. ವಿಮರ್ಶಕರು ಹಗುರವೆಂದು ಬದಿಗಿಟ್ಟ ಪ್ರೇಮಕಾದಂಬರಿಗಳನ್ನು ಆ ಗೃಹಿಣಿಯರು ತಮಗೆಂದೇ ಕದ್ದಿಟ್ಟುಕೊಂಡ ಹೊತ್ತಾಗಿ ಕಾಣುತ್ತಿದ್ದರು. ಪುಸ್ತಕದ ಒಳಗಿನ ಅರ್ಥದಷ್ಟೇ, ಯಾರು ಯಾವ ಕೆಲಸದ ನಡುವೆ ಓದುತ್ತಾರೆ ಎಂಬುದೂ ಅಭಿಪ್ರಾಯವನ್ನು ಕಟ್ಟುತ್ತದೆ ಎಂಬ ಅವರ ತಿಳಿವಳಿಕೆ ನಮ್ಮ ಚರ್ಚೆಗೆ ಆಧಾರ.

2. ಬ್ರಿಜೆಟ್‌ಳ ದಿನಚರಿ, ಓದುಗರ ಎರಡು ಪಂಗಡ

ಬ್ರಿಜೆಟ್ ಜೋನ್ಸ್ ಮೊದಲು ಕಾಣಿಸಿಕೊಂಡದ್ದು 1995ರಲ್ಲಿ, ಲಂಡನ್ನಿನ ‘ದಿ ಇಂಡಿಪೆಂಡೆಂಟ್’ ಪತ್ರಿಕೆಯ ಅಂಕಣದಲ್ಲಿ. 1996ರಲ್ಲಿ ಅದು ಕಾದಂಬರಿಯಾಯಿತು, 2001ರಲ್ಲಿ ಚಲನಚಿತ್ರವಾಯಿತು. ಮೂವತ್ತು ದಾಟಿದ, ಮದುವೆಯಾಗದ, ನೌಕರಿಯಲ್ಲಿರುವ ಬ್ರಿಜೆಟ್ ಪ್ರತಿದಿನದ ಬರಹವನ್ನು ಲೆಕ್ಕದಿಂದ ಶುರುಮಾಡುತ್ತಾಳೆ: ಇಂದಿನ ತೂಕ, ಕುಡಿದ ಮದ್ಯ, ಸೇದಿದ ಸಿಗರೇಟು, ತಿಂದ ಕ್ಯಾಲೊರಿ. ಕಥೆಯ ಹಂದರ ಜೇನ್ ಆಸ್ಟಿನ್ ಅವರ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ (1813) ಕಾದಂಬರಿಯದು. ನಾಯಕನ ಹೆಸರೂ ಅಲ್ಲಿಂದಲೇ ಬಂದ ಡಾರ್ಸಿ.

ಓದುಗರ ಒಂದು ದೊಡ್ಡ ಪಂಗಡ ಅವಳಲ್ಲಿ ತಮ್ಮನ್ನೇ ಕಂಡಿತು. ಮದುವೆ ಯಾವಾಗ ಎಂಬ ನೆಂಟರ ಪ್ರಶ್ನೆಗೆ ಸಿಕ್ಕಿ ನರಳುವವರಿಗೆ, ಆ ನರಳಾಟವನ್ನೇ ನಗೆಯಾಗಿಸಬಹುದೆಂಬುದು ದೊಡ್ಡ ಬಿಡುಗಡೆಯಾಗಿ ಕಂಡಿತು. ಇನ್ನೊಂದು ಪಂಗಡ ಮುನಿಸಿಕೊಂಡಿತು. ಇಷ್ಟು ದಿನದ ಸ್ತ್ರೀವಾದಿ ಹೋರಾಟದ ಫಲ, ಹೆಣ್ಣು ತಕ್ಕಡಿಯ ಮೇಲೆ ನಿಂತು ಅಳುವುದೇ ಎಂದು ಕೇಳಿತು. 2001ರಲ್ಲಿ ಹಿರಿಯ ಕಾದಂಬರಿಕಾರ್ತಿ ಬೆರಿಲ್ ಬೇನ್‌ಬ್ರಿಜ್ ಈ ಬಗೆಯ ಬರಹಗಳನ್ನೆಲ್ಲ ನೊರೆಯೆಂದು ತಳ್ಳಿಹಾಕಿದರು; ಡೋರಿಸ್ ಲೆಸ್ಸಿಂಗ್ ಅವರೂ ದನಿಗೂಡಿಸಿದರು.

ಎರಡೂ ಪಂಗಡಗಳು ಜಗಳವಾಡಿದ್ದು ಒಂದೇ ಸಂಗತಿಯ ಮೇಲೆ: ಆ ಲೆಕ್ಕದ ಪಟ್ಟಿಯ ಮೇಲೆ. ಅದನ್ನು ತಮ್ಮ ದಿನದಲ್ಲಿ ಗುರುತಿಸಿದವರು ನಕ್ಕರು. ಅದು ಹೆಣ್ಣಿನ ಮೇಲೆ ಹೇರಿದ ಲೆಕ್ಕವೆಂದು ಕಂಡವರು ಸಿಟ್ಟಾದರು. ನಮ್ಮ ಗಡಿ ತಾಲೂಕುಗಳಿಗೆ ಈ ಕಾದಂಬರಿಯನ್ನು ಹಾಗೇ ತಂದಿಟ್ಟರೆ ಮೂರನೆಯ ಅಭಿಪ್ರಾಯವೂ ಹುಟ್ಟಬಹುದು. ದಿನದ ಕೂಲಿಯಿಂದ ಮನೆ ನಡೆಸುವ ಒಂಟಿ ಹೆಣ್ಣಿಗೆ ಬ್ರಿಜೆಟ್‌ಳ ಒಂಟಿತನ ಅರ್ಥವಾಗುತ್ತದೆ, ಅವಳ ಲೆಕ್ಕ ದೂರದ್ದಾಗುತ್ತದೆ.

3. ರಂಗವ್ವ: ಬಡ್ಡಿಯ ಲೆಕ್ಕ

ಕನ್ನಡದಲ್ಲಿ ಈ ಚರ್ಚೆಗೆ ಅತಿ ಹತ್ತಿರದ ಕೃತಿ ಲಂಕೇಶರ ‘ಮುಸ್ಸಂಜೆಯ ಕಥಾಪ್ರಸಂಗ’ (1978). ‘ಬಿರುಕು’ (1967) ಕಾದಂಬರಿಯ ಒಳಸರಿದ, ಒಬ್ಬಂಟಿ ನಾಯಕನನ್ನು ಬಿಟ್ಟು ಲಂಕೇಶರು ಇಲ್ಲಿ ಒಂದು ಇಡೀ ಹಳ್ಳಿಯ ಗದ್ದಲಕ್ಕೆ ಬಂದರು. ನವ್ಯದ ಏಕಾಂತದಿಂದ ಹೊರಬಂದ ಕೃತಿ ಎಂದು ಅದನ್ನು ಓದುವುದು ರೂಢಿ. ನನ್ನ ಗಮನ ಆ ಗದ್ದಲದ ನಡುವೆ ನಿಂತ ರಂಗವ್ವನ ಮೇಲೆ. ಅವಳು ವಿಧವೆ; ಬಡ್ಡಿಗೆ ದುಡ್ಡು ಕೊಡುವವಳು; ಬಾಯಿ ಜೋರಿನವಳು. ಮಗಳು ಸಾವಂತ್ರಿ ಬ್ರಾಹ್ಮಣರ ಹುಡುಗ ಮಂಜುನಾಥನನ್ನು ಮೆಚ್ಚಿದ್ದಾಳೆ. ಊರಿನ ಗಂಡಸರ ಸಾಲದ ಲೆಕ್ಕ ಅವಳ ಕೈಯಲ್ಲಿದೆ, ಮಗಳ ಮನಸ್ಸಿನ ಲೆಕ್ಕ ಕೈಗೆ ಸಿಗುತ್ತಿಲ್ಲ. ಕಾದಂಬರಿಯ ನಗೆಯೂ ನೋವೂ ಈ ಎರಡರ ನಡುವೆ ಹುಟ್ಟುತ್ತವೆ.

ರಂಗವ್ವನನ್ನು ಓದುವಾಗ ಮೂರು ಬಗೆಯ ಅಭಿಪ್ರಾಯಗಳಿಗೆ ದಾರಿಯಿದೆ. ಮೊದಲನೆಯದು ನಡತೆಯ ಅಳತೆ: ವಿಧವೆಗೆ ಇಷ್ಟು ಬಾಯಿ, ಇಷ್ಟು ದುಡ್ಡಿನಾಸೆ ಸಲ್ಲದು. ಎರಡನೆಯದು ಲೇಖಕನ ಮೇಲಿನ ಅನುಮಾನ: ಗಂಡಸು ಬರೆದ ಹಾಸ್ಯದಲ್ಲಿ ಹೆಣ್ಣು ನಗೆಪಾಟಲಾಗುತ್ತಾಳೆಯೇ? ಮೂರನೆಯದು ಗುರುತು: ಇಂಥ ಅವ್ವ ನಮ್ಮ ಓಣಿಯಲ್ಲೂ ಇದ್ದಾಳೆ. ಎರಡನೆಯ ಅನುಮಾನ ಗಂಭೀರವಾದದ್ದು, ಅದನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ರಂಗವ್ವ ನಗೆಗೆ ಗುರಿಯಾಗುವಷ್ಟೇ ನಗೆಯನ್ನು ಬೀಸುವವಳೂ ಹೌದು. ಅವಳ ಬೈಗುಳಕ್ಕೆ ಊರಿನ ದೊಡ್ಡಸ್ತಿಕೆ ಬಣ್ಣಗೆಡುತ್ತದೆ. ಹಾಸ್ಯದ ಹಿಡಿ ಅವಳ ಕೈಯಲ್ಲೂ ಇರುವುದರಿಂದ ಅವಳು ಬರಿಯ ವ್ಯಂಗ್ಯಚಿತ್ರವಾಗದೆ ಉಳಿಯುತ್ತಾಳೆ.

2008ರಲ್ಲಿ ಕವಿತಾ ಲಂಕೇಶ್ ಈ ಕಾದಂಬರಿಯನ್ನು ‘ಅವ್ವ’ ಎಂಬ ಚಲನಚಿತ್ರವಾಗಿಸಿದರು. ರಂಗವ್ವನಾಗಿ ಶ್ರುತಿ ನಟಿಸಿದರು. ಇದನ್ನೂ ಒಬ್ಬ ಓದುಗಿಯ ಅಭಿಪ್ರಾಯವೆಂದೇ ನಾನು ಎಣಿಸುತ್ತೇನೆ. ಹಲವು ಪಾತ್ರಗಳ ಕಥಾಪ್ರಸಂಗದಿಂದ ರಂಗವ್ವನನ್ನು ಆರಿಸಿ ನಡುವೆ ನಿಲ್ಲಿಸಿದ್ದು, ಕಾದಂಬರಿ ಹುಟ್ಟಿದ ಮೂವತ್ತು ವರ್ಷದ ಬಳಿಕ ಒಬ್ಬ ಹೆಣ್ಣುಮಗಳು ಕೊಟ್ಟ ತೀರ್ಪು.

4. ಗಡಿ ತಾಲೂಕುಗಳ ರಂಗದ ಮೇಲೆ

ಈ ಐದು ತಾಲೂಕುಗಳ ಬಹಳಷ್ಟು ಜನ ಎರಡು ಭಾಷೆಯವರು. ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು ಎಂಬಂತೆ ಕನ್ನಡ-ಮರಾಠಿ ಎರಡನ್ನೂ ಆಡುತ್ತಾರೆ, ನಗೆಯ ಎರಡು ಪರಂಪರೆಗಳನ್ನೂ ಬಲ್ಲರು. ಇಲ್ಲಿನ ಒಕ್ಕಲುತನದ ಬದುಕು ಮತ್ತು ಆಡುಮಾತು ಕಾದಂಬರಿಯಲ್ಲಿ ವಿಶೇಷವಾಗಿ ಮೂಡಿದ್ದು ಈಗ ಕಾಗವಾಡ ತಾಲೂಕಿನಲ್ಲಿರುವ ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ದಲ್ಲಿ. ಆದರೆ ನಗಿಸುವ ಹೆಣ್ಣನ್ನು ಈ ಜನ ಮೊದಲು ಕಂಡದ್ದು ಪುಸ್ತಕದಲ್ಲಿ ಅಲ್ಲ, ಆಟದಲ್ಲಿ.

ಕುಲಗೋಡ ತಮ್ಮಣ್ಣನಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಮುನಿಸಿನ ಕಥೆಗೆ ಮುಂಚೆ ಗೊಲ್ಲತಿ ಬರುತ್ತಾಳೆ. ಹಾಲು-ಮೊಸರು ಮಾರುವ ಈ ಹೆಣ್ಣು ಮಾತಿಗೆ ಮಾತು ಕೊಟ್ಟು ಎದುರಿನವನನ್ನು ಮಣಿಸುತ್ತಾಳೆ. ಪಕ್ಕದ ಮರಾಠಿ ತಮಾಶಾದ ಗೌಳಣಿಯಲ್ಲೂ ಮಥುರೆಯ ಬಜಾರಕ್ಕೆ ಹೊರಟ ಗೊಲ್ಲತಿಯರನ್ನು ಕೃಷ್ಣ ತಡೆಯುತ್ತಾನೆ. ಅವರೊಡನೆ ಇರುವ ‘ಮಾವಶಿ’ ಎಂಬ ಹಿರಿಯ ಹೆಂಗಸು ಇಡೀ ಆಟದ ನಗೆಯನ್ನು ಹೊರುತ್ತಾಳೆ. ಎರಡೂ ಕಡೆ ಹೆಣ್ಣು ದಾರಿಯಲ್ಲಿದ್ದಾಳೆ, ತಲೆಯ ಮೇಲೆ ಸರಕಿದೆ, ಬೆಲೆಯ ಲೆಕ್ಕ ಅವಳಿಗೆ ಗೊತ್ತಿದೆ. ಮಾವಶಿಯ ವೇಷ ಗಂಡಸರು ಹಾಕುತ್ತಿದ್ದದ್ದು ನಿಜ. ಪಾರಿಜಾತಕ್ಕೆ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಬಂದಾಗ ಹೆಣ್ಣಿನ ಚಾತುರ್ಯದ ಮಾತು ಹೆಣ್ಣಿನ ದನಿಯಲ್ಲೇ ಕೇಳಿಸಿತು. ಈ ಆಟ ನೋಡಿ ಬೆಳೆದ ಓದುಗರಿಗೆ ರಂಗವ್ವ ಅಚ್ಚರಿಯ ಪಾತ್ರವಾಗಲಾರಳು. ಅವಳ ಹಿಂದಿನವರನ್ನು ಅವರು ಆಗಲೇ ಬಲ್ಲರು.

5. ನಿಪ್ಪಾಣಿಯ ಲೆಕ್ಕ

ರಂಗದ ಮೇಲಿನ ಗೊಲ್ಲತಿಗಿಂತ ಹತ್ತಿರದ ಸಾಕ್ಷಿ ನಿಪ್ಪಾಣಿಯಲ್ಲಿದೆ. ತಂಬಾಕಿನ ಈ ಪೇಟೆಯಲ್ಲಿ ಎಲೆ ಬಡಿದು, ಸೋಸಿ, ಪುಡಿ ಮಾಡುವ ಕೆಲಸ ಹೆಚ್ಚಾಗಿ ಹೆಂಗಸರದು. ಬೀಡಿ ಕಟ್ಟುವುದೂ ಅವರದೇ. ಗಂಡ ಸತ್ತವರು, ಗಂಡ ಬಿಟ್ಟವರು, ದೇವರಿಗೆ ಬಿಡಲ್ಪಟ್ಟವರು ಈ ದುಡಿಮೆಯಿಂದ ಮನೆ ಸಾಗಿಸಿದ್ದಾರೆ. ಬೀಡಿಗೆ ಕೂಲಿ ಸಾವಿರಕ್ಕೆ ಇಷ್ಟು ಎಂದು. ಕಟ್ಟಿದ್ದರಲ್ಲಿ ಸರಿಯಿಲ್ಲವೆಂದು ತೆಗೆದುಹಾಕಿದ್ದಕ್ಕೆ ಕೂಲಿಯಿಲ್ಲ. ಎಣಿಕೆ ತಪ್ಪಿದರೆ ಒಲೆಗೆ ತಾಗುತ್ತದೆ.

1980ರ ಸುಮಾರಿಗೆ ಇಲ್ಲಿನ ಹೆಂಗಸರು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಸಂಘಟಿತರಾಗಿ ಮಾಲೀಕರ ಎದುರು ನಿಂತರು. ದೀಪಾ ಧನರಾಜ್ ಮತ್ತು ಸಂಗಡಿಗರ ‘ಯುಗಾಂತರ’ ತಂಡ ಅವರೊಂದಿಗೆ ಸೇರಿ 1982ರಲ್ಲಿ ‘ತಂಬಾಕೂ ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಕಾರ್ಮಿಕ ಹೆಂಗಸರು ತಮ್ಮ ಬದುಕನ್ನು ತಾವೇ ಹೇಳುವ ಈ ಚಿತ್ರ, ಹಾಸ್ಯ ಕಾದಂಬರಿಯ ಅಧ್ಯಯನಕ್ಕೂ ಬೆಲೆಯುಳ್ಳ ದಾಖಲೆ. ಮಾಲೀಕನ ಲೆಕ್ಕವನ್ನು ಪ್ರಶ್ನಿಸುವ ದಿಟ್ಟತನ ಅಲ್ಲಿ ಸಾಮೂಹಿಕವಾದದ್ದು, ರಂಗವ್ವನ ಬಾಯಿ ಜೋರು ಒಬ್ಬಳದು. ಎರಡಕ್ಕೂ ಬೇರು ಒಂದೇ: ತನ್ನ ಗಳಿಕೆಯ ಮೇಲೆ ತನ್ನದೇ ಹಿಡಿತ ಬೇಕೆಂಬ ಹಟ. ಅದೇ 1982ರಲ್ಲಿ ಕರ್ನಾಟಕವು ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ತಂದದ್ದನ್ನೂ ನೆನೆಯಬೇಕು. ಈ ಭಾಗದ ಒಂಟಿ ಹೆಣ್ಣಿನ ಪ್ರಶ್ನೆ ಮದುವೆಯಾಗಿಲ್ಲವೆಂಬ ಕೊರಗಿಗಿಂತ ದೊಡ್ಡದು. ದುಡಿಮೆ, ಮನೆ, ಮಕ್ಕಳ ಹೆಸರು, ಮರ್ಯಾದೆ ಎಲ್ಲವೂ ಅದರಲ್ಲಿ ಸೇರಿವೆ.

6. ಸಮಾರೋಪ

ಬ್ರಿಜೆಟ್ ತನ್ನ ಮೈಯ ಲೆಕ್ಕ ಇಡುತ್ತಾಳೆ, ರಂಗವ್ವ ಊರಿನ ಸಾಲದ ಲೆಕ್ಕ ಇಡುತ್ತಾಳೆ, ನಿಪ್ಪಾಣಿಯ ಕಾರ್ಮಿಕಳು ಸಾವಿರ ಬೀಡಿಯ ಲೆಕ್ಕ ಇಡುತ್ತಾಳೆ. ಒಂಟಿ ಹೆಣ್ಣಿನ ಹಾಸ್ಯ ಕಾದಂಬರಿ ಹಗುರವೋ ಗಟ್ಟಿಯೋ ಎಂಬ ಜಗಳ ಈ ಲೆಕ್ಕಗಳನ್ನು ಬಿಟ್ಟು ನಡೆದರೆ ಅದು ಶೈಲಿಯ ಜಗಳವಾಗಿ ಮುಗಿಯುತ್ತದೆ. ಲೆಕ್ಕವನ್ನು ನಡುವೆ ತಂದರೆ, ಓದುಗರ ಅಭಿಪ್ರಾಯವು ಅವರ ದುಡಿಮೆಯ, ಅವರ ಕೇಳ್ಮೆಯ ಚರಿತ್ರೆಯನ್ನೇ ಹೇಳತೊಡಗುತ್ತದೆ.

ಆದ್ದರಿಂದ ಮುಂದಿನ ಅಧ್ಯಯನ ವಾಚನಾಲಯಗಳ ಹೊರಗೂ ನಡೆಯಬೇಕು. ಚಿಕ್ಕೋಡಿಯ ಕಾಲೇಜಿನ ಹುಡುಗಿ, ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಹೆಂಗಸು, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಬಳೆ ಮಾರುವವಳು, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಅಜ್ಜಿ: ಓದಬಲ್ಲವರಿಗೆ ಪುಸ್ತಕ ಕೊಟ್ಟು, ಓದಲಾಗದವರಿಗೆ ಓದಿ ಹೇಳಿ, ಎಲ್ಲಿ ನಗು ಬಂತು, ಎಲ್ಲಿ ಸಿಟ್ಟು ಬಂತು, ಈ ಹೆಣ್ಣನ್ನು ನೀವು ಬಲ್ಲಿರಾ ಎಂದು ಕೇಳಬೇಕು. ಕನ್ನಡ ವಿಮರ್ಶೆ ವಿಧವೆಯ ಕಣ್ಣೀರಿಗೆ ನೂರಕ್ಕೂ ಹೆಚ್ಚು ವರ್ಷ ಕಿವಿಗೊಟ್ಟಿದೆ. ಅವಳ ನಗೆಗೂ, ಆ ನಗೆಯ ಬಗ್ಗೆ ಅವಳಂಥವರೇ ಕೊಡುವ ತೀರ್ಪಿಗೂ ಅಷ್ಟೇ ಗಂಭೀರವಾಗಿ ಕಿವಿಗೊಡುವುದು ಅದರ ಇಂದಿನ ಕರ್ತವ್ಯ.