ಗರ್ಭಸ್ಥ ಶಿಶುವಿನ ಬೆನ್ನೆಲುಬು ಮತ್ತು ಪಕ್ಕೆಲುಬುಗಳ ವೈಕಲ್ಯ: ಶ್ರವಣಾತೀತ ಪರೀಕ್ಷೆಯಿಂದ ನಿರ್ಣಯ

ಗರ್ಭದ 18ರಿಂದ 20ನೆಯ ವಾರದ ವೇಳೆಗೆ ಶ್ರವಣಾತೀತ ಧ್ವನಿಯ ಪರೀಕ್ಷೆಯನ್ನು, ಎಂದರೆ ಜನರು ಸ್ಕ್ಯಾನಿಂಗ್ ಎಂದು ಕರೆಯುವುದನ್ನು, ನಡೆಸುವಾಗ ಶಿಶುವಿನ ಬೆನ್ನೆಲುಬು ಎರಡೆಳೆಯಾಗಿ ಪೋಣಿಸಿದ ಮಣಿಸರದಂತೆ ಪರದೆಯ ಮೇಲೆ ಮೂಡುತ್ತದೆ. ಅಡ್ಡವಾಗಿ ನೋಡಿದರೆ ಪ್ರತಿಯೊಂದು ಕಶೇರುಮಣಿಯಲ್ಲಿಯೂ ಅಸ್ಥೀಭವನದ ಮೂರು ಕೇಂದ್ರಗಳು, ಮುಂದೊಂದು ಹಿಂದೆರಡು, ಬಿಳಿಯ ಚುಕ್ಕೆಗಳಾಗಿ ತೋರುವುವು. ಈ ಸರದಲ್ಲಿ ಎಲ್ಲಿಯಾದರೂ ಕ್ರಮಭಂಗವುಂಟಾಗಿದ್ದರೆ ಪರೀಕ್ಷಕರ ದೃಷ್ಟಿ ಅಲ್ಲಿಯೇ ನಿಂತುಬಿಡುವುದು ಸಹಜ. ಆದರೆ ಅನೇಕ ಮಣಿಗಳು ಕೆಟ್ಟಿರುವಾಗ ಶಿಶುವಿನ ಆಯುಸ್ಸು ಬೆನ್ನೆಲುಬಿನ ವಕ್ರತೆಗಿಂತ ಹೆಚ್ಚಾಗಿ ಪಕ್ಕೆಲುಬುಗಳು ಶ್ವಾಸಕೋಶಗಳಿಗೆ ಎಷ್ಟು ಎಡೆ ಬಿಟ್ಟಿವೆ ಎಂಬುದನ್ನು ಅವಲಂಬಿಸಿದೆ.

ಬೆನ್ನೆಲುಬಿಗೂ ಪಕ್ಕೆಲುಬಿಗೂ ಮೂಲ ಒಂದೇ. ಭ್ರೂಣದ ನಾಲ್ಕು ಐದನೆಯ ವಾರಗಳಲ್ಲಿ ನರನಾಳದ ಇಕ್ಕೆಲಗಳಲ್ಲಿ ಕಾಯಖಂಡಗಳು ಜೊತೆಜೊತೆಯಾಗಿ ಮೈದೋರಿ, ಒಂದರ ಕೆಳಭಾಗವು ಮುಂದಿನದರ ಮೇಲ್ಭಾಗದೊಡನೆ ಕೂಡಿ ಕಶೇರುಮಣಿಯಾಗುತ್ತದೆ. ಕೋಳಿಯ ಭ್ರೂಣದಲ್ಲಿ ಸುಮಾರು 90 ನಿಮಿಷಕ್ಕೊಂದು ಜೊತೆ ರೂಪುಗೊಳ್ಳುತ್ತದೆ; ಅದೇ ಲಯದಲ್ಲಿ ಒಂದು ಜೀನಿನ ಚಟುವಟಿಕೆ ಏರಿಳಿಯುವುದೆಂದು 1997ರಲ್ಲಿ ಸಿದ್ಧವಾಯಿತು. ಮನುಷ್ಯರಲ್ಲಿ ಈ ವಿಭಜನೆಗೆ ಬೇಕಾದ ಡಿಎಲ್‌ಎಲ್3, ಎಂಇಎಸ್‌ಪಿ2 ಮೊದಲಾದ ಜೀನುಗಳು ಕೆಟ್ಟಾಗ ಮಣಿಗಳೂ ಪಕ್ಕೆಲುಬುಗಳೂ ಒಟ್ಟಿಗೇ ವಿರೂಪಗೊಳ್ಳುವುವು.

1938ರಲ್ಲಿ ಬಾಲ್ಟಿಮೋರಿನಲ್ಲಿ ಜಾರ್ಕೊ ಮತ್ತು ಲೆವಿನ್ ಎಂಬ ವೈದ್ಯರು ಇಂತಹ ಆನುವಂಶಿಕ ವಿರೂಪವನ್ನು ವರ್ಣಿಸಿದ ತರುವಾಯ, ಅವರ ಹೆಸರಿನಡಿಯಲ್ಲಿ ಭಿನ್ನವಾದ ಎರಡು ವ್ಯಾಧಿಗಳು ದಶಕಗಳ ಕಾಲ ಬೆರೆತುಹೋದವು. ಈ ನಾಮಸಂಕರದಿಂದಾದ ಹಾನಿ ಅಲ್ಪವೆಂದು ನಾನು ಭಾವಿಸಲಾರೆ. ಪೋರ್ಟೊರಿಕೊ ದ್ವೀಪದ ಕುಟುಂಬಗಳಲ್ಲಿ ವಿಶೇಷವಾಗಿ ಕಂಡುಬಂದ ಮೊದಲನೆಯದರಲ್ಲಿ ಪಕ್ಕೆಲುಬುಗಳು ಬೆನ್ನೆಲುಬಿನ ಬಳಿ ಒಂದಕ್ಕೊಂದು ಬೆಸೆದು ಬೀಸಣಿಗೆಯ ಕಡ್ಡಿಗಳಂತೆ ಇಕ್ಕೆಲಕ್ಕೂ ಹರಡುತ್ತವೆ; ಎಕ್ಸ್‌ರೇ ಚಿತ್ರದಲ್ಲಿ ಅದು ಏಡಿಯನ್ನು ಹೋಲುತ್ತದೆ. ಎದೆಗೂಡು ಕುಗ್ಗಿ ಶ್ವಾಸಕೋಶಗಳು ಬೆಳೆಯಲಾರದೆ ಅನೇಕ ಶಿಶುಗಳು ಹುಟ್ಟಿದ ಮೊದಲ ವರ್ಷದಲ್ಲಿಯೇ ಅಸುನೀಗುವುವು. ಎರಡನೆಯದರಲ್ಲಿ ಪಕ್ಕೆಲುಬುಗಳು ಅಲ್ಲಲ್ಲಿ ಕವಲೊಡೆದೋ ಕೂಡಿಕೊಂಡೋ ಎಣಿಕೆಯಲ್ಲಿ ಕಡಮೆಯಾಗಿಯೋ ಇರುವುವಲ್ಲದೆ ಬೀಸಣಿಗೆಯ ವಿನ್ಯಾಸವಿರದು. ಬಹುಪಾಲು ಮಕ್ಕಳು ಬದುಕಿ ಬಾಳುತ್ತಾರೆ. ಮೊದಲನೆಯದಾದರೂ ಸರ್ವಥಾ ಮಾರಕವಲ್ಲ: ಪ್ರೌಢವಯಸ್ಸನ್ನು ಮುಟ್ಟಿ, ಬುದ್ಧಿಶಕ್ತಿಯಲ್ಲಿ ಯಾರಿಗೂ ಕಡಮೆಯಿಲ್ಲದೆ ಬಾಳಿದವರುಂಟು. ಎದೆಗೂಡನ್ನು ಹಂತಹಂತವಾಗಿ ಹಿಗ್ಗಿಸಲು ಟೆಕ್ಸಾಸಿನ ರಾಬರ್ಟ್ ಕ್ಯಾಂಪ್‌ಬೆಲ್ ರೂಪಿಸಿದ ಟೈಟೇನಿಯಮ್ ಪಕ್ಕೆಲುಬಿಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿಯೂ ದೊರೆತಿದೆ.

ಒಂದೇ ಮಣಿಯ ಅರ್ಧಭಾಗ ಮಾತ್ರ ಬೆಳೆದು ಬೆನ್ನೆಲುಬು ಅಲ್ಲಿ ಬಾಗಿದ್ದರೆ ಅದರ ಮಾತೇ ಬೇರೆ. ಅಂಥದು ಸಾಮಾನ್ಯವಾಗಿ ಮರುಕಳಿಸದು; ಹೃದಯವನ್ನೂ ಮೂತ್ರಪಿಂಡಗಳನ್ನೂ ಪರಿಶೀಲಿಸಿ ಅವು ನೆಟ್ಟಗಿದ್ದರೆ ಧೈರ್ಯ ಹೇಳಬಹುದು. ಮೇಲೆ ಹೇಳಿದ ವ್ಯಾಧಿಗಳಾದರೋ ಬಹುತೇಕ ತಂದೆತಾಯಿಗಳಿಬ್ಬರಿಂದಲೂ ಬರತಕ್ಕವು. ಇಬ್ಬರೂ ವಾಹಕರಾದಲ್ಲಿ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ಸಂಭವ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ವಾಡಿಕೆಯುಳ್ಳ ಕರ್ನಾಟಕದಲ್ಲಿ ಈ ಭೇದವನ್ನು ಲಘುವಾಗಿ ಎಣಿಸುವಂತಿಲ್ಲ. ಇಬ್ಬರು ತಾಯಂದಿರಿಗೂ ‘ಮಗುವಿನ ಬೆನ್ನುಮೂಳೆ ಸರಿಯಿಲ್ಲ’ ಎಂಬ ಒಂದೇ ವಾಕ್ಯವನ್ನು ಹೇಳಿ ಕಳುಹಿದರೆ ಒಬ್ಬಳಿಗೆ ಅಕಾರಣ ಭಯವೂ ಇನ್ನೊಬ್ಬಳಿಗೆ ಅಪೂರ್ಣ ಜ್ಞಾನವೂ ಉಳಿಯುತ್ತದೆ. ಗರ್ಭಪಾತ ಕಾಯಿದೆಯ 2021ರ ತಿದ್ದುಪಡಿಯಂತೆ 24 ವಾರಗಳ ಅನಂತರದ ಗರ್ಭದ ವಿಷಯವು ವೈದ್ಯಮಂಡಲಿಯ ಮುಂದೆ ಬಂದಾಗ ಆ ಮಂಡಲಿಗೂ ಇಂತಹ ವಾಕ್ಯದಿಂದ ಪ್ರಯೋಜನವಾಗದು.

ಶಿಶು ಬೆನ್ನನ್ನು ಗರ್ಭಾಶಯದ ಗೋಡೆಗೆ ಒತ್ತಿ ಮಲಗಿದಾಗ ಪಕ್ಕೆಲುಬುಗಳನ್ನು ಎಣಿಸುವುದು ಕಷ್ಟವೆಂಬುದು ದಿಟ. ಆಗ ತಾಯಿಯನ್ನು ಸ್ವಲ್ಪ ಹೊತ್ತು ನಡೆದಾಡಿಸಿ ಮತ್ತೆ ನೋಡಬೇಕು. ಬೆನ್ನೆಲುಬಿನಲ್ಲಿ ದೋಷ ಕಂಡ ಪ್ರತಿಯೊಂದು ವರದಿಯಲ್ಲಿಯೂ ಎರಡು ಕಡೆಯ ಪಕ್ಕೆಲುಬುಗಳ ಎಣಿಕೆಯನ್ನೂ ಅವುಗಳ ವಿನ್ಯಾಸವನ್ನೂ ಎದೆಯ ಸುತ್ತಳತೆಯನ್ನೂ ತಪ್ಪದೆ ಬರೆಯಬೇಕೆಂದು ಪರೀಕ್ಷಕರಲ್ಲಿ ನನ್ನ ವಿನಂತಿ.