ಕೌದಿ ಕೊಟ್ಟು ಕೊಂಡ ಬೋಗುಣಿ

ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಒಂದು ಸ್ಟೀಲ್ ಬೋಗುಣಿ ಇದೆ. ಹಬ್ಬದ ಹಿಟ್ಟು ಕಲಸುವಷ್ಟು ದೊಡ್ಡದು. 1988ರ ಒಂದು ಮಧ್ಯಾಹ್ನ ತಲೆಯ ಮೇಲೆ ಬುಟ್ಟಿ ಹೊತ್ತು, 'ಹಳೇ ಅರಿವೀಗೆ ಬಾಂಡೇ' ಎಂದು ಕೂಗುತ್ತ ಬಂದವಳ ಹತ್ತಿರ ಕೊಂಡದ್ದು. ಯಜಮಾನರ ಮೂರು ಪ್ಯಾಂಟು, ನನ್ನ ಎರಡು ಸೀರೆ ಮುಂದಿಟ್ಟೆ. ಅವಳು ಬೋಗುಣಿಯನ್ನು ಕೈಬಿಡಲಿಲ್ಲ. 'ಇನ್ನೊಂದ ಏನರ ಹಾಕ್ರಿ ಅಕ್ಕಾರ' ಎಂದಳು. ಒಳಗೆ ಹೋಗಿ ಟ್ರಂಕಿನ ತಳದಲ್ಲಿದ್ದ ಅಜ್ಜಿಯ ಕೌದಿ ತಂದು ಹಾಕಿದೆ. ಬೋಗುಣಿ ನನ್ನದಾಯಿತು.

ಆಗ ನಾವು ಸವಣೂರಿನಲ್ಲಿ ಬಾಡಿಗೆ ಮನೆ ಹಿಡಿದು ಹೊಸದಾಗಿ ಸಂಸಾರ ಹೂಡಿದ್ದೆವು. ಮನೆಯಲ್ಲಿ ನಾಲ್ಕು ಸೋಲಾಪುರದ ಚಾದರಗಳಿದ್ದವು. ಬೆಂಗಳೂರಿನಿಂದ ನೆಂಟರು ಬಂದರೆ ತೇಪೆಯ ಕೌದಿಯನ್ನು ಹೇಗೆ ಕೊಡುವುದೆಂಬ ನಾಚಿಕೆ ಬೇರೆ. ಆ ನಾಚಿಕೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ.

ಆ ವರ್ಷ ಕಾರ್ತಿಕದಲ್ಲಿ ಹಾನಗಲ್ಲ ಕಡೆಯ ನಮ್ಮ ಹಳ್ಳಿಯಿಂದ ಅವ್ವ ಬಂದಳು. ರಾತ್ರಿ, 'ಚಳಿ ಐತಿ, ನಮ್ಮವ್ವನ ಕೌದಿ ಕೊಡವಾ' ಎಂದಳು. ನಾನು ಚಾದರ ಕೊಟ್ಟೆ, ಸಂಗತಿಯನ್ನೂ ಹೇಳಿದೆ. ಅವ್ವ ಬೈಯಲಿಲ್ಲ. ಬೆಳಿಗ್ಗೆ ನೋಡಿದರೆ ಚಾದರ ಮಡಿಸಿದಂತೆಯೇ ಇತ್ತು. ಅವಳು ಸೆರಗನ್ನೇ ಹೊದ್ದು ಮಲಗಿದ್ದಳು. ಚಹಾ ಕುಡಿಯುವಾಗ ಬೋಗುಣಿಯ ಅಂಚನ್ನು ಬೆರಳಿನಿಂದ ಸವರಿ, 'ಬೋಗುಣಿ ಚಲೋ ಐತಿ' ಎಂದಳು. ಸ್ವಲ್ಪ ಹೊತ್ತಿನ ಮೇಲೆ, 'ಅದರಾಗ ನಮ್ಮಪ್ಪನ ಖಾದಿ ಧೋತರ ಇತ್ತು' ಎಂದಳು. ಆಮೇಲೆ ಆ ಕೌದಿಯಲ್ಲಿ ಯಾರ ಯಾರ ಬಟ್ಟೆ ಇದ್ದವೆಂದು ಒಂದೊಂದಾಗಿ ಹೇಳಿದಳು. ನಾನು ಅಕ್ಕಿ ಆರಿಸುತ್ತ ಹೂಂಗುಟ್ಟಿದೆ. ಮರುವರ್ಷ ಅವ್ವ ಹೋದಳು. ಅವಳು ಹೇಳಿದ್ದರಲ್ಲಿ ನನಗೆ ನೆನಪಿರುವುದು ಮೂರೇ: ಅಜ್ಜನ ಖಾದಿ ಧೋತರ, ಕಂಟ್ರೋಲ್ ಕಾಲದ ಒಂದು ಒರಟು ಸೀರೆ, ಉಳಿಯದೇ ಹೋದ ಒಂದು ಕೂಸಿನ ಕುಲಾವಿ.

ಹಳೇ ಬಟ್ಟೆಯ ಹುಚ್ಚು ನನಗೆ ಹಿಡಿದದ್ದು ಆಮೇಲೆ. ಸಂತೆಯಲ್ಲಿ ಹಳೇ ಅರಿವೆಯ ಗುಡ್ಡೆ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ದರ್ಜಿಯ ಅಂಗಡಿಯ ನೆಲದ ಮೇಲಿನ ಗುಳೇದಗುಡ್ಡ ಖಣದ ಚೂರುಗಳನ್ನು ಕೇಳಿ ತರುತ್ತೇನೆ. ಹರಿದ ಸ್ವೆಟರ್ ಬಿಚ್ಚಿ, ನೂಲನ್ನು ತೊಳೆದು ಒಣಗಿಸಿ ಸುತ್ತಿಟ್ಟುಕೊಂಡು ಮಕ್ಕಳ ಟೊಪ್ಪಿಗೆ ಹೆಣೆಯುತ್ತೇನೆ. ಇಳಕಲ್ಲ ಸೀರೆಯನ್ನು ನೀವು ಗಮನಿಸಿರಬಹುದು: ಹತ್ತಿಯ ಒಡಲು ಸವೆದು ಜಾಳಾದರೂ ಕೆಂಪು ರೇಷ್ಮೆಯ ಸೆರಗು ಇನ್ನೂ ಹೊಳೆಯುತ್ತಿರುತ್ತದೆ. ಅಂಥ ಸೆರಗುಗಳೇ ನನ್ನ ಹತ್ತಿರ ಹನ್ನೊಂದಿವೆ. 'ಚಿಂದಿ ಆಯೋದು ಕಲತಿ ನೋಡು' ಎಂದು ಯಜಮಾನರು ನಗುತ್ತಾರೆ. ಆದರೆ ಅವರ ದಿಂಬಿನ ಗವಸು ಅದೇ ಚಿಂದಿಯದು.

ಕೌದಿ ಹೊಲಿಯುವುದನ್ನು ನಾನು ಅಜ್ಜಿಯಿಂದಾಗಲಿ ಅವ್ವನಿಂದಾಗಲಿ ಕಲಿಯಲಿಲ್ಲ, ಮನೆ ಬಾಗಿಲಿಗೆ ಬರುವ ಗೋಂಧಳಿ ಹೆಣ್ಣುಮಗಳಿಂದ ಕಲಿತೆ. ನಮ್ಮ ಉತ್ತರ ಕರ್ನಾಟಕದಲ್ಲಿ ಆ ಸಮುದಾಯದ ಹೆಂಗಸರು ಕೌದಿ ಹೊಲಿಗೆಗೆ ಹೆಸರಾದವರು. ಪಡಸಾಲೆಯಲ್ಲಿ ಅಗಲವಾದ ಧೋತರ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಮೇಲೆ ಸೀರೆ, ಪಂಜೆ, ಲಂಗದ ತುಂಡುಗಳನ್ನು ಪದರು ಪದರಾಗಿ ಹರಡುತ್ತಿದ್ದಳು. ಆಮೇಲೆ ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ನೇರ ಟಾಕು. ನಾನು ಮಷೀನಿನಲ್ಲಿ ಹೊಲಿಯಲು ಹೋಗಿ ಎರಡು ಸೂಜಿ ಮುರಿದೆ. 'ಮಷೀನಿಗೆ ಇಷ್ಟ ಮಂದಿ ಭಾರ ತಡಿಯೂದಿಲ್ರಿ ಅಕ್ಕಾರ' ಎಂದಳು. ಪದರುಗಳನ್ನು ಅವಳು ಮಂದಿ ಎಂದೇ ಕರೆಯುತ್ತಿದ್ದಳು.

ಹೊಲಿಯುತ್ತ ಕೂತಾಗ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ನಮ್ಮದು ಹತ್ತಿ ಬೆಳೆಯುವ ಸೀಮೆ. ಸವಣೂರು, ಶಿಗ್ಗಾವಿಯ ಎರೆಹೊಲಗಳಲ್ಲಿ ಹತ್ತಿ ಒಡೆದು ನಿಂತರೆ ಕಣ್ಣು ಕೋರೈಸುತ್ತದೆ. ಹಾಗಿದ್ದೂ ಕೌದಿಯ ಒಳಗೆ ಹತ್ತಿಯೇ ಇಲ್ಲವಲ್ಲ! ಹರಕು ಬಟ್ಟೆಯ ಮೇಲೆ ಹರಕು ಬಟ್ಟೆ, ಅಷ್ಟೆ. ಯಾಕೆ?

ಹಳೆಯ ಪುಸ್ತಕ ಓದುತ್ತ ಹೋದಾಗ ಉತ್ತರ ಸಿಕ್ಕಿತು. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅದಕ್ಕೇ ವ್ಯಾಪಾರಸ್ಥರ ಬಾಯಲ್ಲಿ ನಮ್ಮ ನಾಡಹತ್ತಿಯ ಹೆಸರು 'ಕುಮಟಾ ಹತ್ತಿ'. ಬೆಳೆದದ್ದು ನಾವು, ಹೆಸರು ಬಂದರಿನದು. 1840ರ ದಶಕದಲ್ಲಿ ಸರಕಾರ ಅಮೆರಿಕದ ಬೀಜ ತರಿಸಿ 'ಧಾರವಾಡ-ಅಮೆರಿಕನ್' ಹತ್ತಿಯನ್ನೂ ಇಲ್ಲಿ ಬೆಳೆಸಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಗುಲಾಮಗಿರಿಯ ಕಾರಣಕ್ಕೆ ಅಂತರ್ಯುದ್ಧ ನಡೆದಾಗ ಲಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಇಲ್ಲಿಯ ಹತ್ತಿಯ ಬೆಲೆ ಗಗನಕ್ಕೇರಿತು. ಹತ್ತಿ ಎಂದರೆ ರೊಕ್ಕ. ರೊಕ್ಕವಾಗುವ ವಸ್ತುವನ್ನು ಯಾವ ಹೆಣ್ಣುಮಗಳಿಗೆ ಹೊದಿಕೆಗೆ ತುಂಬಲು ಬಿಡುತ್ತಿದ್ದರು? ಹತ್ತಿ ಗಂಡಸರ ಲೆಕ್ಕದ ಪುಸ್ತಕಕ್ಕೆ ಹೋಯಿತು, ಗಿರಣಿ ಬಟ್ಟೆಯಾಗಿ ತಿರುಗಿ ಬಂತು. ಉಟ್ಟು ಹರಿದ ಮೇಲೆ ಹೆಂಗಸರ ಕೈಗೆ ಸಿಕ್ಕಿತು. ಕೌದಿ ಹುಟ್ಟುವುದು ಆ ಕೊನೆಯ ತುದಿಯಲ್ಲಿ.

ಅದೇ ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯ ಹತ್ತಿ ಹೊಲಗಳಲ್ಲಿ ದುಡಿದ ಗುಲಾಮರ ಮೊಮ್ಮಕ್ಕಳು ಸವೆದ ಕೆಲಸದ ಬಟ್ಟೆಗಳಿಂದಲೇ ಹೊದಿಕೆ ಹೊಲಿಯುತ್ತಿದ್ದರು. 2002ರಲ್ಲಿ ಅವು ದೊಡ್ಡ ವಸ್ತುಸಂಗ್ರಹಾಲಯಗಳ ಗೋಡೆ ಏರಿದವು. ಹತ್ತಿ ಬಿಡಿಸಿದ ಕೈಗೆ ಹತ್ತಿ ಉಳಿಯದಿರುವುದು ನಮ್ಮೂರಿನ ಕತೆಯಷ್ಟೇ ಅಲ್ಲ.

ಅಷ್ಟು ದೂರವೇಕೆ, ಹಾನಗಲ್ಲ ಶಿಗ್ಗಾವಿಗಳ ಗಡಿ ದಾಟಿದರೆ ಮುಂಡಗೋಡ. ಅಲ್ಲಿ, ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಆಫ್ರಿಕದ ಮೂಲದ ಸಿದ್ದಿ ಜನರಿದ್ದಾರೆ. ಅವರ ಕೌದಿಗೆ ಕವಂದಿ ಎಂದು ಹೆಸರು. ಮೂಲೆಗಳಲ್ಲಿ ಹೂವಿನಂತೆ ಮಡಿಸಿದ ತ್ರಿಕೋನದ ತುಂಡು ಇರಲೇಬೇಕು. ಅದಿಲ್ಲದ ಕವಂದಿ ಬರಿಮೈಯಲ್ಲಿದ್ದಂತೆ ಎನ್ನುತ್ತಾರೆ. 2011ರಲ್ಲಿ ನ್ಯೂಯಾರ್ಕಿನಲ್ಲಿ ಸಿದ್ದಿ ಹೆಂಗಸರ ಕವಂದಿಗಳ ಪ್ರದರ್ಶನವೇ ನಡೆಯಿತು. ನಾವು ಬೋಗುಣಿಗೆ ಹಾಕಿದ್ದನ್ನು ಅಲ್ಲಿ ದೀಪ ಹಾಕಿ ತೋರಿಸಿದರು.

ನಮ್ಮಲ್ಲಿ ಧಾರವಾಡದ ಕಸೂತಿಗೆ ಮಾನವಿದೆ. ಗಂಟು ಕಾಣದಂತೆ ಎಳೆ ಎಣಿಸಿ ಹಾಕುವ ಗವಂತಿ, ಮುರಗಿ, ನೇಯ್ಗಿ, ಮೆಂತೆ ಹೊಲಿಗೆಗಳಿಗೆ ಹೆಸರಿದೆ, ಪುಸ್ತಕಗಳಿವೆ. ಅದು ಹೊಸ ಸೀರೆಯ ಕಲೆ. ಕೌದಿ ಹರಿದ ಸೀರೆಯದು. ಅದನ್ನು ಬರೆದಿಟ್ಟವರು ಕಡಿಮೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ನೂಲು ತೆಗೆದ ಕದಿರ ರೆಮ್ಮವ್ವೆಯ ಹೆಸರು ಉಳಿದಿದೆ. ಕೌದಿ ಹೊಲಿದ ನಮ್ಮ ಅಜ್ಜಿಯರ ಹೆಸರು ಉಳಿಯುವುದಾದರೆ ಕೌದಿಯಲ್ಲೇ ಉಳಿಯಬೇಕು.

ಅದು ಹೇಗೆಂದು ತಿಳಿದದ್ದು ಹಿರೇಕೆರೂರಿನಲ್ಲಿ. ಅಲ್ಲಿ ನನ್ನ ತಂಗಿಯ ಮನೆ. ಅವಳ ಅತ್ತೆಯ ಕಾಲದ, ಹಗೇವಿನ ಬಾಯಿ ಮುಚ್ಚಲು ಬಳಸಿದ ಒಂದು ಕೌದಿಯನ್ನು ಎಸೆಯಲು ಇಟ್ಟಿದ್ದರು. ಕೇಳಿ ತಂದು, ಕತ್ತರಿಯ ತುದಿಯಿಂದ ಟಾಕು ಬಿಚ್ಚಿದೆ. ಎರಡು ದಿನ ಹಿಡಿಯಿತು. ಮೇಲೆ ಜಾರುವ ಪಾಲಿಯೆಸ್ಟರ್. 1985ರ ಜವಳಿ ನೀತಿಯ ನಂತರ ಅಗ್ಗವಾಗಿ ಮನೆಮನೆಗೆ ಬಂದದ್ದು ಅದೇ. ಅದರ ಕೆಳಗೆ ಹೂವಿನ ವಾಯಿಲ್ ಸೀರೆ. ಅದರ ಕೆಳಗೆ ಹಾಲೂಡಿಸಿದ ಕಲೆಯಿದ್ದ ಕುಪ್ಪಸದ ತುಂಡು. ಇನ್ನೂ ಕೆಳಗೆ, ಅಚ್ಚರಿಯೆಂದರೆ, ಇನ್ನೊಂದು ಕೌದಿ! ಹಳೆಯದು ಜೀರ್ಣವಾದಾಗ ಅದನ್ನೇ ನಡುವಿನ ಪದರಾಗಿಟ್ಟು ಹೊಸದನ್ನು ಹೊಲಿದಿದ್ದರು. ಆ ಒಳಗಿನ ಕೌದಿಯ ಒಳಗೆ ಒಂದು ಒರಟು ಬಿಳಿ ಸೀರೆ.

ನೋಡಿದ ಕೂಡಲೇ ಅವ್ವನ ಮಾತು ನೆನಪಾಯಿತು. ಎರಡನೆಯ ಮಹಾಯುದ್ಧದಲ್ಲಿ ಗಿರಣಿಯ ಬಟ್ಟೆ ಸೈನ್ಯಕ್ಕೆ ಹೋಗಿ ಜನರಿಗೆ ಅರಿವೆ ಸಿಗದಂತಾದಾಗ, 1943ರಲ್ಲಿ ಸರಕಾರ ಬಟ್ಟೆಯ ನಿಯಂತ್ರಣ ತಂದಿತು. ಕಂಟ್ರೋಲ್ ಅರಿವೆ ಎಂದು ಅಜ್ಜಿಯ ಕಾಲದವರು ಹೇಳುತ್ತಿದ್ದುದು ಅದನ್ನೇ. ಅದೇ ವರ್ಷ ಏಪ್ರಿಲ್ 1ರಂದು ನಮ್ಮ ಹಾವೇರಿ ಸೀಮೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವ ಗುಂಡಿಗೆ ಬಲಿಯಾದರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ತರುಣ ಅವರು. ನನ್ನ ಅಜ್ಜ ಖಾದಿ ಉಟ್ಟದ್ದು ಅದೇ ಗಾಳಿಯಲ್ಲಿ. ಖಾದಿಯ ಧೋತರ, ಕಂಟ್ರೋಲ್ ಸೀರೆ, ಕೂಸಿನ ಕುಲಾವಿ: ನಾಡಿನ ಇತಿಹಾಸವೂ ಮನೆಯ ದುಃಖವೂ ಒಂದೇ ದಾರದಲ್ಲಿ ಹೊಲಿದಿದ್ದವು. ಓದಲು ಬಾರದ ಅಜ್ಜಿ ಬರೆದ ಆ ಒಂದೇ ಪುಸ್ತಕವನ್ನು, ಓದಲು ಬರುವ ನಾನು ಬೋಗುಣಿಗೆ ಮಾರಿದ್ದೆ.

ಬಿಚ್ಚಿದ ಆ ಕೌದಿಯನ್ನು ತೊಳೆದು, ಹೊಸ ಪದರು ಕೊಟ್ಟು ಮತ್ತೆ ಹೊಲಿದು ತಂಗಿಗೆ ಕೊಟ್ಟೆ. ಅಂದಿನಿಂದ ಒಂದು ಸಮಾಧಾನ ನನಗಿದೆ. ನನ್ನ ಅಜ್ಜಿಯ ಕೌದಿಯೂ ಎಲ್ಲೋ ಯಾರದೋ ಕೌದಿಯ ನಡುವಿನ ಪದರಾಗಿರಬಹುದು; ಯಾವುದೋ ಕೂಸು ಅದರ ಮೇಲೆ ಬೆಚ್ಚಗೆ ಮಲಗಿರಬಹುದು. ಸಮಾಧಾನವೇ ಹೊರತು ಕ್ಷಮೆಯಲ್ಲ.

ಈಗ ನಾವು ಶಿಗ್ಗಾವಿಯಲ್ಲಿ ನೆಲೆಸಿದ್ದೇವೆ. ಮೊಮ್ಮಗಳಿಗಾಗಿ ಕೌದಿ ಹೊಲಿಯುತ್ತಿದ್ದೇನೆ. ಒಂದೊಂದು ತುಂಡು ಯಾರದು, ಯಾವಾಗ ಉಟ್ಟದ್ದು ಎಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ನಿಮ್ಮ ಮನೆಯ ಟ್ರಂಕಿನಲ್ಲಿ ಕೌದಿ ಇದ್ದರೆ, ಅದನ್ನು ಹೊಲಿದವರು ಇನ್ನೂ ಮಾತಾಡುವಂತಿದ್ದರೆ, ಅಕ್ಕಿ ಆರಿಸುವುದನ್ನು ಸ್ವಲ್ಪ ಬದಿಗಿಟ್ಟು ಕೇಳಿರಿ.

ಅಜ್ಜಿ ಕೌದಿಯ ಕೊನೆಯ ಬಾಯಿ ಮುಚ್ಚುವ ಮೊದಲು ಒಳಗೆ ಹೋಳಿಗೆಯ ಒಂದು ಚೂರು ಇಡುತ್ತಿದ್ದಳು. 'ಹೊದ್ದವರ ಹೊಟ್ಟಿ ತಂಪಿರಬೇಕು' ಎನ್ನುತ್ತಿದ್ದಳು. ನಾಳೆ ನನ್ನ ಟಾಕು ನಡುವಿಗೆ ಬರುತ್ತದೆ. ಹೋಳಿಗೆಗೆ ಕಣಕ ಕಲಸಲು ಆ ಬೋಗುಣಿಯನ್ನೇ ಕೆಳಗಿಳಿಸಿ ತೊಳೆದಿಟ್ಟಿದ್ದೇನೆ.